ಬು ಸುದರ್ಮಿಯವರ ಮೊಮ್ಮಗಳ ಬೆನ್ನು

ಬು ಸುದರ್ಮಿಯವರ ಹೊಲಿಗೆ ಯಂತ್ರ ಮುಂಬಾಗಿಲಿಗೆ ಒತ್ತಿಕೊಂಡೇ ಇತ್ತು. ಬೆಳಕು ಅಲ್ಲಿಯೇ ಚೆನ್ನಾಗಿ ಬೀಳುತ್ತದೆ ಎಂಬುದು ಅವರು ಹೇಳುವ ಕಾರಣ. ಓಣಿಯಲ್ಲಿ ಯಾರು ಬಂದರು, ಯಾರು ಹೋದರು ಎಂಬುದೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂಬುದು ನಾನು ಹೇಳುವ ಕಾರಣ. ಯಂತ್ರದ ಮುಂದೆ ಒಂದು ಗಿಡ್ಡ ಕುರ್ಚಿ, ಬೆಳಗಾದರೆ ಆ ಕುರ್ಚಿಯಲ್ಲಿ ಅವರು. ಒಳಗೆ ಹೋಗುವವರಾಗಲಿ ಹೊರಗೆ ಬರುವವರಾಗಲಿ ಅವರನ್ನು ದಾಟಿಯೇ ಹೋಗಬೇಕು. ಕೂತಿರುವ ಹಿರಿಯರನ್ನು ದಾಟುವುದೆಂದರೆ ಜಾವಾದ ನಮ್ಮ ಸೋಲೊ ಊರಿನಲ್ಲಿ ಸುಮ್ಮನೆ ನಡೆದು ಹೋಗುವುದಲ್ಲ. ಬೆನ್ನು ಬಗ್ಗಿಸಿ, ಬಲಗೈ ನೆಲದ ಕಡೆ ಚಾಚಿ, 'ನುವುನ್ ಸೆವು, ಅಪ್ಪಣೆ ಕೊಡಿ' ಎಂದು ಮೆಲ್ಲಗೆ ಹೇಳಿಯೇ ದಾಟಬೇಕು.

ಎದುರು ಮನೆಯಲ್ಲಿ ಪೆಚೆಲ್ ಮಾರುವ ಪೈನೆಮ್ ನಾನು. ಸೊಪ್ಪು ಬೇಯಿಸಿ, ಕಡಲೆಕಾಯಿ ಚಟ್ನಿ ಸುರಿದು, ಬಾಳೆ ಎಲೆಯಲ್ಲಿ ಕಟ್ಟಿಕೊಡುವುದು ನನ್ನ ಕೆಲಸ. ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ಅವರನ್ನು 'ಯು' ಎಂದು ಕರೆದುಬಿಟ್ಟೆ, ಅಕ್ಕ ಅನ್ನುವ ಹಾಗೆ. ಅವರ ಮುಖ ಹುಣಸೆಹಣ್ಣು ಕಡಿದ ಹಾಗಾಯಿತು. ಅಂದಿನಿಂದ ಅಮ್ಮ ಅನ್ನುವ ಹಾಗೆ ಬಾಯಿ ತುಂಬ 'ಬು' ಅನ್ನುತ್ತೇನೆ. ಮೊಮ್ಮಗಳು ಕೂಡ ಓಣಿಯ ಬೇರೆ ಮಕ್ಕಳ ಹಾಗೆ 'ಎಂಬಾಹ್' ಅನ್ನುವಂತಿಲ್ಲ, ದೊಡ್ಡ ಮನೆಗಳಲ್ಲಿ ಅಜ್ಜಿಯನ್ನು ಕರೆಯುವ ಹಾಗೆ 'ಎಯಾಂಗ್' ಅನ್ನಬೇಕು. ಇವರ ತಾಯಿ ಅರಮನೆಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರಂತೆ. ಅಳತೆಗೆ ಹೋದಾಗ ಚಿಕ್ಕ ಸುದರ್ಮಿಯೂ ಜೊತೆಗಿದ್ದು, ಆ ಹೆಂಗಸರ ಮುಂದೆ ಮಂಡಿಯ ಮೇಲೆಯೇ ತೆವಳುತ್ತಿದ್ದಳಂತೆ. ಈ ಕಥೆಯನ್ನು ಅವರು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೆಂದರೆ, ಅರಮನೆಯೇ ಇವರ ಮುಂದೆ ತೆವಳಿತೇನೋ ಅನ್ನಬೇಕು.

ಕೆಟ್ಟವರಲ್ಲ. ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದವನು, ಬೇಗ ತೀರಿಕೊಂಡ. ಹೊಲಿದು ಹೊಲಿದೇ ಮಗಳು ಎಂದಾಂಗ್‌ಳನ್ನು ಓದಿಸಿದರು. ಆ ಮಗಳೂ ಗಂಡ ಬಿಟ್ಟು ಹೋದ ಮೇಲೆ ಸೆಮರಾಂಗ್ ಪಟ್ಟಣದ ಸಿದ್ಧ ಉಡುಪಿನ ಕಾರ್ಖಾನೆ ಸೇರಿದಾಗ, ತೊಟ್ಟಿಲು ಬಿಟ್ಟು ಇನ್ನೂ ಸರಿಯಾಗಿ ಇಳಿಯದ ಮೊಮ್ಮಗಳು ವೆನಿಂಗ್‌ಳನ್ನು ತಾವೇ ಇಟ್ಟುಕೊಂಡರು. ಸುಮ್ಮನೆ ಕೂರುವ ಜೀವವೇ ಅಲ್ಲ ಅದು. ಬಟ್ಟೆ ಇಲ್ಲದಿದ್ದರೂ ಪಾದ ಯಂತ್ರದ ತುಳಿಹಲಗೆಯ ಮೇಲೆ ಆಡುತ್ತಲೇ ಇರುತ್ತಿತ್ತು. ನೆಂಟರು ಬಂದು ಎದುರಿಗೆ ಕೂತರೆ ಅವರ ತೋಳಿನ ಬಿಟ್ಟ ಹೊಲಿಗೆಯನ್ನು ಮಾತಿನ ಮಧ್ಯೆಯೇ ಸೂಜಿ ಹಾಕಿ ಸರಿಮಾಡುವವರು.

ವೆನಿಂಗ್ ಹನ್ನೆರಡು ತುಂಬುವ ಹೊತ್ತಿಗೆ ಇದ್ದಕ್ಕಿದ್ದಂತೆ ಉದ್ದವಾದಳು. ತರಗತಿಯಲ್ಲಿ ಗಂಡುಮಕ್ಕಳೂ ಅವಳ ಕಿವಿಯ ಮಟ್ಟಕ್ಕಷ್ಟೇ ಬರುತ್ತಿದ್ದರು. ಆದರೂ ಅವಳು ಎತ್ತರ ಎಂದು ನಮಗೆ ಯಾರಿಗೂ ಅನಿಸಲೇ ಇಲ್ಲ, ಏಕೆಂದರೆ ಆ ಹುಡುಗಿ ಯಾವಾಗ ನೋಡಿದರೂ ಬಾಗಿಯೇ ಇರುತ್ತಿದ್ದಳು. ಭುಜ ಮುಂದಕ್ಕೆ, ಕತ್ತು ಮುಂದಕ್ಕೆ, ಕಣ್ಣು ನೆಲಕ್ಕೆ. ನನ್ನ ಅಂಗಡಿಯ ಮುಂದೆ ಹಾಗೆ ಹೋಗುವಾಗ ಕೂತು ತಿನ್ನುವ ಹೆಂಗಸರು ತಮ್ಮ ಮಕ್ಕಳಿಗೆ ತಿವಿದು, ನೋಡು, ಮರ್ಯಾದೆ ಅಂದರೆ ಅದು, ನೀನೂ ಇದ್ದೀಯ ಕಂಬದ ಹಾಗೆ, ಎಂದು ಬೈಯುತ್ತಿದ್ದರು. ಬು ಸುದರ್ಮಿಗೆ ಇದು ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಅವರೂ ಯಂತ್ರ ನಿಲ್ಲಿಸುತ್ತಿದ್ದರು. ಶಾಲೆಯ ಅಂಗಿ ಬೆನ್ನಿನಲ್ಲಿ ಎಳೆಯುತ್ತದೆ ಎಂದು ಹುಡುಗಿ ಹೇಳಿದಾಗಲೆಲ್ಲ ಬೆಳೆಯುವ ಮಗು ಎಂದು ಹಿಂಭಾಗಕ್ಕೆ ಇನ್ನಷ್ಟು ಬಟ್ಟೆ ಬಿಟ್ಟು ಹೊಲಿದರು. ಅಷ್ಟು ಚೆನ್ನಾಗಿ ಹೊಲಿದರು ಅಂದರೆ ಬೆನ್ನಿನ ಗೂನು ಅಂಗಿಯೊಳಗೆ ಕರಗಿಹೋಗಿ ಯಾರಿಗೂ ಕಾಣಲಿಲ್ಲ.

ಕಂಡದ್ದು ತಾಯಿಗೆ. ಎಂದಾಂಗ್ ವರ್ಷಕ್ಕೊಮ್ಮೆ, ಉಪವಾಸದ ತಿಂಗಳು ಮುಗಿದ ಹಬ್ಬಕ್ಕೆ, ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬರುತ್ತಿದ್ದಳು. ಆ ವರ್ಷದ ಹಬ್ಬದ ಬೆಳಿಗ್ಗೆ ವೆನಿಂಗ್ ಮಂಡಿಯೂರಿ ತಾಯಿಯ ಮಡಿಲಲ್ಲಿ ತಲೆಯಿಟ್ಟು ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳಿದಳು. ತಾಯಿ ಬೆನ್ನು ಸವರಿದಳು, ಸವರಿದ ಕೈ ಅರ್ಧಕ್ಕೆ ನಿಂತಿತು. ಹಬ್ಬದ ಕೋಳಿ ಸಾರು ಕೊಡಲು ಹೋದ ನಾನು ಬಾಗಿಲಲ್ಲೇ ಇದ್ದೆ.

"ಅಮ್ಮಾ, ಇವಳ ಬೆನ್ನಿಗೆ ಏನಾಗಿದೆ?" ಅಂದಳು ಎಂದಾಂಗ್.

"ಏನಾಗಿದೆ? ನಾಲ್ಕು ಜನರ ಮುಂದೆ ಹೆಂಗಿರಬೇಕು ಅಂತ ಕಲಿತಿದೆ," ಅಂದರು ಬು ಸುದರ್ಮಿ.

ಎಂದಾಂಗ್ ಮಗಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ನೆಟ್ಟಗೆ ನಿಲ್ಲು ಅಂದಳು. ಹುಡುಗಿ ನಿಂತಳು. ಬೆನ್ನು ಗೋಡೆಗೆ ತಾಗಿತು, ತಲೆ ತಾಗಲಿಲ್ಲ. ಹಿಂದಕ್ಕೆ ಒತ್ತು ಅಂದರೆ ಗಲ್ಲ ಮೇಲೆ ಹೋಯಿತೇ ಹೊರತು ತಲೆ ಗೋಡೆ ಮುಟ್ಟಲಿಲ್ಲ. ನಮಗೆಲ್ಲ ಒಮ್ಮೆಗೇ ಕಂಡಿತು. ಹಬ್ಬದ ಮನೆಯಲ್ಲಿ ಯಾರೂ ಆಮೇಲೆ ಸರಿಯಾಗಿ ಊಟ ಮಾಡಲಿಲ್ಲ. ಎಂದಾಂಗ್ ಮೂರನೆಯ ದಿನ ಕಾರ್ಖಾನೆಗೆ ಹಿಂದಿರುಗಬೇಕಿತ್ತು. ಹೋಗುವಾಗ ಅಮ್ಮನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಒಂದೂ ಮಾತಾಡದೆ ಹೋದಳು, ಅದು ಬು ಸುದರ್ಮಿಯವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಎಲುಬಿನ ಚಿತ್ರ ತೆಗೆಸಿ ನೋಡಿ, ವ್ಯಾಯಾಮ ಕಲಿಸುವ ಮಾಸ್ ಗುನಾರ್ತೊ ಎಂಬ ಹುಡುಗನ ಬಳಿ ಕಳಿಸಿದರು. ಎಲುಬು ಚೆನ್ನಾಗಿದೆ, ಹುಟ್ಟಿನಿಂದ ಬಂದ ದೋಷ ಏನೂ ಇಲ್ಲ, ಬಾಗಿ ಬಾಗಿ ಎದೆಯ ಸ್ನಾಯು ಬಿಗಿದಿದೆ, ಬೆನ್ನಿನದು ಸಡಿಲವಾಗಿದೆ ಎಂದು ಅವನು ಬಿಡಿಸಿ ಹೇಳಿದ. ಬೆಳೆಯುವ ವಯಸ್ಸಿನಲ್ಲಿ ಹಿಡಿದುಕೊಂಡರೆ ಸರಿಹೋಗುತ್ತದೆ, ಹಾಗೆಯೇ ಬಿಟ್ಟರೆ ಮುಂದೆ ತಿದ್ದುವುದು ಕಷ್ಟ ಅಂದ. ಬೋರಲು ಮಲಗಿ ಎದೆ ಎತ್ತುವುದು, ಬೆನ್ನ ಹಿಂದೆ ಹೆಗಲ ರೆಕ್ಕೆಯ ಎಲುಬುಗಳನ್ನು ಹತ್ತಿರ ತರುವುದು, ಗೋಡೆಗೆ ನಿಂತು ತೋಳನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವುದು ತೋರಿಸಿಕೊಟ್ಟ. ಪುಸ್ತಕ ಕಣ್ಣಿನ ಮಟ್ಟಕ್ಕೆ ಬರಲಿ, ಚೀಲ ಎರಡೂ ಹೆಗಲ ಮೇಲೆ ಇರಲಿ, ತುಂಬ ಹೊತ್ತು ಒಂದೇ ಕಡೆ ಕೂರದಿರಲಿ ಅಂದ. ಕೊನೆಗೆ, ನೆಟ್ಟಗಾಗು ನೆಟ್ಟಗಾಗು ಅಂತ ಬೈಯಬೇಡಿ ಬು, ಮಗು ಇನ್ನಷ್ಟು ಮುದುಡುತ್ತದೆ ಅಂದ. ಆ ಕೊನೆಯದೊಂದು ಮಾತ್ರ ಬು ಸುದರ್ಮಿಯವರ ಕಿವಿಗೆ ಬೀಳಲಿಲ್ಲ.

ಅಲ್ಲಿಂದಾಚೆ ಆ ಮನೆಗೂ ನೆಮ್ಮದಿ ಇಲ್ಲ, ಎದುರು ಮನೆಯ ನನಗೂ ಇಲ್ಲ. ಬಟ್ಟೆ ಅಳೆಯುವ ಮರದ ಅಳತೆಗೋಲನ್ನು ಹುಡುಗಿಯ ಅಂಗಿಯ ಹಿಂದೆ ಇಳಿಬಿಟ್ಟು ಊಟಕ್ಕೆ ಕೂರಿಸಿದರು. ಬಾಣಂತಿಯರು ಹೊಟ್ಟೆಗೆ ಸುತ್ತಿಕೊಳ್ಳುವ ಉದ್ದದ ಪಟ್ಟಿಯನ್ನು ಅವಳ ಭುಜಕ್ಕೆ ಬಿಗಿದು ಕಟ್ಟಿದರು, ಉಸಿರಾಡಲು ಆಗದೆ ಶಾಲೆಯಲ್ಲಿ ಅದನ್ನು ಬಿಚ್ಚಿ ಚೀಲಕ್ಕೆ ತುರುಕಿಕೊಂಡು ಬಂದಳು. ನೀವುವ ಮುದುಕಿಯನ್ನು ಕರೆಸಿದರು, ಆಕೆ ಕಚ್ಚೋರದ ಲೇಪ ಹಚ್ಚಿ ಎಷ್ಟು ಒತ್ತಿದಳೆಂದರೆ ಹುಡುಗಿಗೆ ಜ್ವರವೇ ಬಂತು. ತಲೆಯ ಮೇಲೆ ನಿಘಂಟು ಇಟ್ಟು ಅಂಗಳದಲ್ಲಿ ನಡೆಸಿದರು. ಇಷ್ಟೆಲ್ಲದರ ಮಧ್ಯೆ ಮಾಸ್ ಗುನಾರ್ತೊ ಹೇಳಿದ್ದನ್ನೂ ಬಿಡದೆ ಮಾಡಿಸುತ್ತಿದ್ದರು, ಆದರೆ ಪಕ್ಕದಲ್ಲಿ ನಿಂತು, ಒಂದೊಂದಕ್ಕೂ ತಪ್ಪು ಹುಡುಕುತ್ತ. ಹೊಲಿಗೆ ಹೊಲಿಯುತ್ತಲೇ ಕಣ್ಣು ಹುಡುಗಿಯ ಮೇಲೆ. ಬೆಳಗಿನಿಂದ ಸಂಜೆವರೆಗೆ ಆ ಮನೆಯಿಂದ ಒಂದೇ ಕೂಗು, 'ಬೆನ್ನು.' ನನ್ನ ಗಿರಾಕಿಗಳು ಕೂಡ ಆ ಕೂಗಿಗೆ ಬೆಚ್ಚಿ ತಾವೇ ನೆಟ್ಟಗೆ ಕೂರುತ್ತಿದ್ದರು.

ಅದಕ್ಕಿಂತ ನನಗೆ ಸಿಟ್ಟು ತರಿಸುತ್ತಿದ್ದದ್ದು ಇನ್ನೊಂದು. ಹುಡುಗಿ ಬಾಗಿಲು ದಾಟುವಾಗ ಸ್ವಲ್ಪ ಕಡಿಮೆ ಬಗ್ಗಿದರೆ, ಅದೇ ಬಾಯಿ, ಎಲ್ಲಿ ಹೋಯ್ತು ಮರ್ಯಾದೆ ಎಂದು ಕೇಳುತ್ತಿತ್ತು. ಬಗ್ಗಿ ದಾಟಿದ ಮರುಗಳಿಗೆಗೇ ಹಿಂದಿನಿಂದ 'ಬೆನ್ನು' ಎಂದು ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ವೆನಿಂಗ್ ನನ್ನ ಅಂಗಡಿಗೆ ಬಂದು, ಆ ಸೆಕೆಯಲ್ಲೂ ಬೆನ್ನು ಕಾಣದಿರಲಿ ಎಂದು ದಪ್ಪ ಜಾಕೆಟ್ ಹಾಕಿಕೊಂಡು ಮೂಲೆಯಲ್ಲಿ ಕೂತಳು. ಸೌತೆಕಾಯಿ ಹೆಚ್ಚಿಕೊಡಲು ಹೇಳಿದೆ, ಹೆಚ್ಚಿದಳು. ಆಮೇಲೆ ಅಂದಳು:

"ಬುಲಿಕ್, ನಾನು ಎಲ್ಲಿ ಬಗ್ಗಬೇಕು, ಎಲ್ಲಿ ನಿಲ್ಲಬೇಕು ಅಂತ ಯಾರಾದ್ರೂ ಒಂದೇ ಸಲ ಹೇಳಿಬಿಡಿ. ಮೈಯೇ ನಂದಲ್ಲ ಅನ್ಸುತ್ತೆ."

ಬುಲಿಕ್ ಅಂದರೆ ಚಿಕ್ಕಮ್ಮ. ಎದ್ದುಹೋಗಿ ಬು ಸುದರ್ಮಿಯವರ ಜೊತೆ ಜಗಳ ಆಡಿ ಬಂದೆ, ಅಷ್ಟೇ. ನಿನ್ನ ಸೊಪ್ಪು ಬೇಯಿಸಿಕೋ ಹೋಗು ಎಂದರು. ಅಂದಿನಿಂದ ನಮಗೆ ಮಾತು ನಿಂತಿತು. ಮಳೆಗಾಲ ಬಂತು, ಶಾಲೆಯ ಅರ್ಧ ವರ್ಷ ಮುಗಿಯಿತು, ಗೋಡೆಗೆ ನಿಲ್ಲಿಸಿದರೆ ತಲೆ ಈಗಲೂ ತಾಗುತ್ತಿರಲಿಲ್ಲ. ಬು ಸುದರ್ಮಿಯವರ ಕೆನ್ನೆ ಒಳಗೆ ಹೋಯಿತು. ಕತ್ತರಿಸಿದ ಬಟ್ಟೆ ತಪ್ಪಾಗತೊಡಗಿತು. ಒಬ್ಬಳ ರವಿಕೆಗೆ ಎರಡೂ ಬಲತೋಳೇ ಹೊಲಿದಿಟ್ಟರು.

ಮಾತು ಮತ್ತೆ ಶುರುವಾದದ್ದು ಅವರ ಮಂಡಿಯಿಂದ. ಮಂಡಿ ಊದಿ ಎರಡು ದಿನ ಕೆಳಗೆ ಕಾಲಿಡಲಾಗಲಿಲ್ಲ, ನಡುಮನೆಯ ಮಂಚದಲ್ಲಿ ಬಿದ್ದುಕೊಂಡರು. ನಾನು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋಗಿ ಮಂಚದ ತುದಿಯಲ್ಲಿ ಕೂತಿದ್ದೆ. ಅಲ್ಲಿಂದ ಮುಂಬಾಗಿಲು ನೇರ ಕಾಣುತ್ತದೆ. ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು, ಕುರ್ಚಿ ಖಾಲಿ. ವೆನಿಂಗ್ ಚೀಲ ಏರಿಸಿಕೊಂಡು, ಹೋಗಿ ಬರ್ತೀನಿ ಎಯಾಂಗ್ ಎಂದು ಹೇಳಿ ಬಾಗಿಲಿನ ಕಡೆ ನಡೆದಳು. ಕುರ್ಚಿಯ ಹತ್ತಿರ ಬರುತ್ತಿದ್ದ ಹಾಗೆ ಬೆನ್ನು ಬಾಗಿತು, ಬಲಗೈ ಮುಂದೆ ಬಂತು. ಖಾಲಿ ಕುರ್ಚಿಯನ್ನು ದಾಟಿದಳು. ಹಾಗೆಯೇ ಬಾಗಿಕೊಂಡೇ ಹೊಸ್ತಿಲು ದಾಟಿದಳು, ಹಾಗೆಯೇ ಓಣಿಗೆ ಇಳಿದಳು.

ಬು ಸುದರ್ಮಿ ನನ್ನ ಮಣಿಕಟ್ಟು ಹಿಡಿದರು. ಗಂಜಿ ಚೆಲ್ಲಿತು. "ಕರಿ ಅವಳನ್ನ," ಅಂದರು.

ಕೂಗಿದೆ. ಹುಡುಗಿ ತಿರುಗಿ ಬಂದಳು, ಒಳಗೆ ಬರುವಾಗಲೂ ಕುರ್ಚಿಗೆ ಬಗ್ಗಿದಳು, ಮಂಚದ ಮುಂದೆ ಬಂದು ಬಗ್ಗಿಯೇ ನಿಂತಳು. ಏನೋ ತಪ್ಪಾಗಿದೆ ಎಂದು ಅವಳ ಕಣ್ಣು ಆಗಲೇ ಹೆದರಿತ್ತು.

"ಆ ಕುರ್ಚೀಲಿ ಯಾರಿದ್ದಾರೆ?"

"ಯಾರೂ ಇಲ್ಲ ಎಯಾಂಗ್."

"ಮತ್ತೆ ಯಾರಿಗೆ ಬಗ್ಗಿದೆ?"

ಹುಡುಗಿ ತಿರುಗಿ ಕುರ್ಚಿ ನೋಡಿದಳು, ನನ್ನನ್ನು ನೋಡಿದಳು. "ನಾನು ಬಗ್ಗಿದ್ನಾ?" ಅಂದಳು.

ಶಾಲೆಗೆ ಹೊತ್ತಾಯಿತು ಹೋಗು ಎಂದು ನಾನೇ ಅವಳನ್ನು ಕಳಿಸಿದೆ. ಆಮೇಲೆ ಬು ಸುದರ್ಮಿ ಅತ್ತರು. ಗಂಡ ಸತ್ತಾಗಲೂ ಹೆಂಗಸರ ಮುಂದೆ ಅಳದಿದ್ದವರು ಮೂಗು ಬಾಯಿ ಒಂದಾಗುವ ಹಾಗೆ ಅತ್ತರು. ನೀರಿಗೆ ಹೋಗಲು, ಅಂಗಡಿಗೆ ಹೋಗಲು, ಆಡಲು ಹೋಗಲು, ಮಗು ಎಷ್ಟು ಸಲ ಈ ಬಾಗಿಲು ದಾಟಿದೆ, ಎಷ್ಟು ಸಲ ನಾನಿಲ್ಲಿ ಕೂತಿದ್ದೆ ಅಂದರು. ಅವಳು ಎತ್ತರ ಆದಷ್ಟೂ ಹೆಚ್ಚು ಬಗ್ಗಬೇಕಾಯಿತಲ್ಲ ಪೈನೆಮ್ ಅಂದರು. ಬೈಯೋಣ ಎಂದು ಬಾಯಿ ತೆರೆದರೆ, ಅದೇ ಹುಡುಗಿಯನ್ನು ತೋರಿಸಿ ನನ್ನ ಮಗನಿಗೆ ಬುದ್ಧಿ ಹೇಳಿದವಳು ನಾನು ತಾನೇ. ಚೆಲ್ಲಿದ ಗಂಜಿ ಒರೆಸಿದೆ.

ಮಂಡಿಯ ಊತ ಇಳಿಯುವ ಮೊದಲೇ ಯಂತ್ರವನ್ನು ಹಿತ್ತಲ ಜಗುಲಿಗೆ ಸಾಗಿಸಿದರು. ಅಲ್ಲಿ ಬೆಳಕು ಕಡಿಮೆ, ಕೋಳಿಗಳ ಕಾಟ, ಗಿರಾಕಿಗಳಿಗೆ ಮನೆ ಸುತ್ತಿ ಬರುವ ಕಷ್ಟ. ಬು ಸುದರ್ಮಿ ಮೂಲೆಗೆ ಬಿದ್ದರು ಎಂದು ಓಣಿ ಆಡಿಕೊಂಡಿತು. ಓಣಿ ಕಾಣದೆ ಅವರಿಗೆ ಉಸಿರು ಕಟ್ಟುತ್ತಿತ್ತು, ಅರ್ಧ ಗಂಟೆಗೊಮ್ಮೆ ಎದ್ದು ಕುಂಟುತ್ತ ಮುಂದಕ್ಕೆ ಬಂದು ನೋಡಿ ಹೋಗುತ್ತಿದ್ದರು.

ಮತ್ತೆ ಮಾಸ್ ಗುನಾರ್ತೊ ಬಳಿ ಹೋದೆವು. ಈ ಸಲ ಮೊಮ್ಮಗಳನ್ನು ಹೊರಗೆ ಕೂರಿಸಿ ತಾವೊಬ್ಬರೇ ನಡೆದದ್ದೆಲ್ಲ ಹೇಳಿದರು. ಇನ್ನು ಮಗು ಯಾರಿಗೂ ಬಗ್ಗಲೇಬಾರದಾ ಎಂದು ಕೇಳುವಾಗ ಅವರ ದನಿ ಸಣ್ಣದಾಗಿತ್ತು. ಆ ಮರ್ಯಾದೆಯೊಂದು ಹೋದರೆ ಅವರ ಬಳಿ ಮಗುವಿಗೆ ಕೊಡಲು ಬೇರೇನಿತ್ತು?

"ಬಗ್ಗಲಿ ಬು. ಬಗ್ಗಿದ್ರೆ ಬೆನ್ನು ಕೆಡಲ್ಲ," ಅಂದ ಆ ಹುಡುಗ. "ಬಗ್ಗಿದ ಮೇಲೆ ಏಳ್ತಾ ಇಲ್ಲ, ಅದೇ ತೊಂದರೆ. ಏಳೋದನ್ನ ಯಾರೂ ಹೇಳಿಕೊಟ್ಟಿಲ್ಲ."

ಆಮೇಲಿನ ತಿಂಗಳುಗಳಲ್ಲಿ ಕಷ್ಟಪಟ್ಟವರು ಯಾರು ಎಂದು ಕೇಳಿದರೆ ನಾನು ಅಜ್ಜಿಯ ಕಡೆಗೇ ಬೆರಳು ತೋರಿಸುತ್ತೇನೆ. ವೆನಿಂಗ್ ಬೆಳಿಗ್ಗೆ ಸಂಜೆ ಚಾಪೆ ಹಾಸಿ ತನ್ನ ಪಾಡಿಗೆ ವ್ಯಾಯಾಮ ಮಾಡಿಕೊಳ್ಳುತ್ತಿದ್ದಳು, ಮಾವಿನ ಕೊಂಬೆಗೆ ಜೋತುಬೀಳುತ್ತಿದ್ದಳು, ಓದುವ ಪುಸ್ತಕವನ್ನು ಹಳೆಯ ಬಿಸ್ಕತ್ ಡಬ್ಬಿಗೆ ಆನಿಸಿ ಎತ್ತರದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅಜ್ಜಿಯ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಹುಡುಗಿ ಹಾದುಹೋಗುವ ಸದ್ದಾದರೆ ಸಾಕು, ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ತಲೆ ತಗ್ಗಿಸುತ್ತಿದ್ದರು. ಸೂಜಿ ಬಾಯಲ್ಲಿದ್ದರೆ 'ಬೆನ್ನು' ಎನ್ನಲು ಆಗುವುದಿಲ್ಲವಲ್ಲ. ಒಮ್ಮೆ ತಡೆಯಲಾರದೆ ಕೂಗಲು ಹೋಗಿ ತುಟಿಗೆ ಚುಚ್ಚಿಸಿಕೊಂಡು ರಕ್ತ ಬಂತು. ನಾನು ಹೊಟ್ಟೆ ಹಿಡಿದು ನಕ್ಕೆ, ವೆನಿಂಗ್ ಕೂಡ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಬೆನ್ನು ಒಂದೇ ಸಮ ಸುಧಾರಿಸಲಿಲ್ಲ. ಒಂದು ವಾರ ಭುಜ ಹಿಂದಕ್ಕೆ ಬಂದಿದೆ ಅನಿಸುತ್ತಿತ್ತು, ಪರೀಕ್ಷೆ ಬಂದರೆ ಮತ್ತೆ ಮುಂದಕ್ಕೆ. ಒಂದು ದಿನ ತಲೆ ಗೋಡೆಗೆ ತಾಗಿತು. ಮಾರನೆಯ ದಿನ ತಾಗಲಿಲ್ಲ. ಮನೆಯೊಳಗೆ ಪರವಾಗಿಲ್ಲ, ಹೊರಗೆ ಹಿರಿಯರು ಕಂಡರೆ ಬಗ್ಗಿದವಳು ಓಣಿಯ ತುದಿಯವರೆಗೂ ಏಳುತ್ತಿರಲಿಲ್ಲ. ಅಜ್ಜಿ ಬಾಗಿಲ ಸಂದಿಯಿಂದ ನೋಡಿ, ಇನ್ನೂ ಎದ್ದಿಲ್ಲ ಪೈನೆಮ್, ಇನ್ನೂ ಎದ್ದಿಲ್ಲ ಎಂದು ಕೈ ಹಿಸುಕಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ನಮ್ಮ ಓಣಿಯ ಪಾಕ್ ಜಯಾದಿಯವರ ಮಗಳ ಮದುವೆ ಬಂತು. ನಮ್ಮಲ್ಲಿ ಮದುವೆಗೆ ಬಡಿಸುವವರು ಓಣಿಯ ಹುಡುಗ ಹುಡುಗಿಯರೇ. ಚಹಾದ ತಟ್ಟೆ ಹಿಡಿದು, ಸಾಲುಸಾಲಾಗಿ ಕೂತ ಹಿರಿಯರ ಮುಂದೆ ಬಗ್ಗಿ ಬಗ್ಗಿ ಹೋಗಬೇಕು. ವೆನಿಂಗ್ ಬಾ ಎಂದು ಕರೆ ಬಂತು. ಬು ಸುದರ್ಮಿಗೆ ನಿದ್ದೆ ಹೋಯಿತು. ಕಳಿಸಿದರೆ ಮಾಡಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ನೀರಿಗೆ ಹೋಗುತ್ತದೆ. ಕಳಿಸದಿದ್ದರೆ ಓಣಿ ಏನು ಅನ್ನುತ್ತದೆ. ಹುಷಾರಿಲ್ಲ ಎಂದುಬಿಡಲೇ ಎಂದು ನನ್ನನ್ನು ಕೇಳಿದರು. ನಾನು ಹೇಳುವುದಕ್ಕೆ ಮೊದಲೇ ಹುಡುಗಿ ಒಳಗಿನಿಂದ, "ನಾನು ಹೋಗ್ತೀನಿ ಎಯಾಂಗ್" ಅಂದಳು. ಅಪ್ಪಣೆ ಕೇಳುವ ದನಿಯಲ್ಲ ಅದು.

ಅವಳ ಕೆಬಾಯ ರವಿಕೆಯನ್ನು ಅಜ್ಜಿಯೇ ಹೊಲಿದರು. ಈ ಸಲ ಬೆನ್ನಿಗೆ ಬಟ್ಟೆ ಹೆಚ್ಚು ಬಿಡಲಿಲ್ಲ. ನೆಟ್ಟಗೆ ನಿಂತರೆ ಮಾತ್ರ ಕೂರುವ ಹಾಗೆ ಕತ್ತರಿಸಿ, ಆಮೇಲೆ ಎಲ್ಲಿ ಹೊಲಿಗೆ ಬಿಡುತ್ತದೋ ಎಂದು ಹೆದರಿ ನಾಲ್ಕು ಸಲ ಬಿಚ್ಚಿ ಹೊಲಿದರು.

ಮದುವೆಯ ದಿನ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಪಕ್ಕದಲ್ಲಿ ಓಣಿಯ ಹಿಂದಿನ ಮುಖ್ಯಸ್ಥರ ಹೆಂಡತಿ ಬು ಹರ್ಯಾತಿ, ಇನ್ನೊಂದು ಪಕ್ಕ ನಾನು. ಗಮೆಲಾನ್ ವಾದ್ಯ ಶುರುವಾಯಿತು, ಮದುಮಕ್ಕಳು ಬಂದು ಕೂತರು. ಬು ಸುದರ್ಮಿ ವೇದಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ಪಾದ ನೆಲವನ್ನು ತುಳಿಯುತ್ತಲೇ ಇತ್ತು, ಯಂತ್ರ ಇಲ್ಲಿಯೂ ಇದೆಯೇನೋ ಅನ್ನುವ ಹಾಗೆ.

ವೆನಿಂಗ್ ತಟ್ಟೆ ಹಿಡಿದು ಚಪ್ಪರದ ಆ ತುದಿಯಿಂದ ಬಂದಳು. ಮೊದಲ ಹಿರಿಯರ ಮುಂದೆ ಬಗ್ಗಿದಳು. ಲೋಟ ಕೊಟ್ಟು, ನುವುನ್ ಸೆವು ಅಂದು, ಬಾಗಿಕೊಂಡೇ ಮುಂದಿನವರಿಗೆ. ಸಾಲು ಉದ್ದವಿತ್ತು. ನಮ್ಮ ಮುಂದೆಯೂ ಬಗ್ಗಿ ಲೋಟ ಇಟ್ಟಳು, ಅಜ್ಜಿಯ ಮುಖ ನೋಡಲಿಲ್ಲ. ನಮ್ಮನ್ನು ದಾಟಿ ಉಳಿದವರಿಗೂ ಕೊಟ್ಟು, ಸಾಲಿನ ಕೊನೆಗೆ ಹೋಗಿ, ಬೆನ್ನು ಬಾಗಿದ ಹಾಗೆಯೇ ಎರಡು ಹೆಜ್ಜೆ ಇಟ್ಟಳು. ಬು ಸುದರ್ಮಿಯವರ ಉಗುರು ನನ್ನ ತೋಳಿನಲ್ಲಿ ಇಳಿಯಿತು. ಬಾಯಲ್ಲಿ ಸೂಜಿ ಇರಲಿಲ್ಲ, ಆದರೂ ಕೂಗಲಿಲ್ಲ.

ವೆನಿಂಗ್ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. ನಿಂತಳು. ಭುಜ ಹಿಂದಕ್ಕೆ ಹೋಯಿತು, ಕತ್ತು ಮೇಲೆ ಬಂತು, ಹುಡುಗಿ ಎದ್ದಳು. ಚಪ್ಪರದ ಕಾಗದದ ತೋರಣ ಅವಳ ಕೂದಲಿಗೆ ತಾಗಿತು. ಅಷ್ಟು ಎತ್ತರ ಇದ್ದಳು ಅವಳು. ಹಾಗೆಯೇ ನೆಟ್ಟಗೆ, ಯಾವ ಅವಸರವೂ ಇಲ್ಲದೆ, ಇನ್ನೊಂದು ತಟ್ಟೆ ತರಲು ನಡೆದು ಹೋದಳು.

ಬು ಹರ್ಯಾತಿ ಚಹಾ ಊದಿಕೊಳ್ಳುತ್ತ, ನಿಮ್ಮ ಮೊಮ್ಮಗಳು ಎಷ್ಟು ಚೆನ್ನಾಗಿ ಬಗ್ತಾಳೆ ಬು, ಇವತ್ತಿನ ಮಕ್ಕಳಲ್ಲಿ ಅದೆಲ್ಲಿ ಎಂದರು.

"ಬಗ್ಗೋದು ಬಿಡಿ," ಅಂದರು ಬು ಸುದರ್ಮಿ. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಎದ್ದಳಲ್ಲ, ನೋಡಿದ್ರಾ?"

ಬು ಹರ್ಯಾತಿಗೆ ಏನೂ ತಿಳಿಯಲಿಲ್ಲ. ಮದುಮಗಳನ್ನು ಕಂಡು ಕರುಳು ಚುರ್ರೆಂದಿರಬೇಕು ಎಂದುಕೊಂಡು, ಚೀಲ ತಡಕಾಡಿ ಬು ಸುದರ್ಮಿಯವರ ಕೈಗೆ ಒಂದು ಕರವಸ್ತ್ರ ಕೊಟ್ಟರು.